ಸುಜಾತ ಅವರ ಧರ್ಮದ ಕಾಲಂ

ನನ್ನ ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ಹರಿಹರದ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ನನ್ನನ್ನು ಮನೆಮನೆ ಸಮೀಕ್ಷೆಯ ಕೆಲಸಕ್ಕೆ ಹಾಕಿದರು. ಮನೆ ದಾವಣಗೆರೆಯ ವಿದ್ಯಾನಗರದಲ್ಲಿದ್ದುದರಿಂದ ಅಲ್ಲಿನ ಹಳೇ ಪೇಟೆಯ ನೂರಿಪ್ಪತ್ತು ಮನೆಗಳು ನನ್ನ ಪಾಲಿಗೆ ಬಂದವು. ಪ್ರತಿ ಸದಸ್ಯರ ವಿವರವನ್ನು ಮೊಬೈಲ್ ಆ್ಯಪ್‌ನಲ್ಲಿ ತುಂಬಿ, ಕೊನೆಗೆ ದೃಢೀಕರಣ ಪತ್ರಕ್ಕೆ ಮನೆಯ ಹಿರಿಯರ ಸಹಿ ಪಡೆಯಬೇಕು. ಧರ್ಮದ ಕಾಲಂನಲ್ಲಿ ಅವರು ಹೇಳಿದ್ದನ್ನು ಬರೆಯಿರಿ, ನೀವು ಊಹಿಸಬೇಡಿ ಎಂದು ತರಬೇತಿಯಲ್ಲಿ ಮೂರು ಸಲ ಹೇಳಿದ್ದರು. ನಾನು ಮೂರು ಸಲವೂ ತಲೆಯಾಡಿಸಿದ್ದೆ.

ಆದರೆ ಯಾವ ಕೆಲಸವಾದರೂ ಬೇಗ ಮುಗಿಸಿ ಕೈತೊಳೆದುಕೊಳ್ಳುವ ಜಾಯಮಾನ ನನ್ನದು. ಯಜಮಾನರ ಧರ್ಮ ಕೇಳಿಕೊಂಡು ಮನೆಮಂದಿಗೆಲ್ಲ ಅದನ್ನೇ ಒತ್ತಿಬಿಡುತ್ತಿದ್ದೆ. ಒಂದೇ ಒಲೆಯಲ್ಲಿ ಉಣ್ಣುವವರನ್ನು ಬೇರೆ ಬೇರೆ ಕೇಳುವುದೇನಿದೆ?

ಬಟ್ಟೆ ವ್ಯಾಪಾರಿ ಮಹಾಲಿಂಗಪ್ಪನವರ ಮನೆಯಲ್ಲೂ ಹಾಗೇ ಮಾಡಿದೆ. ಎಪ್ಪತ್ತೈದು ದಾಟಿದ ಅವರೇ ಐವರ ವಿವರ ಹೇಳಿದರು: ತಾವು, ಹೆಂಡತಿ, ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು. ಧರ್ಮ ಕೇಳಿದಾಗ ಲಿಂಗಾಯತ ಅಂದರು. ಐವರಿಗೂ ಅದನ್ನೇ ಒತ್ತಿ, ಸಹಿ ಹಾಕಿಸಿಕೊಂಡು ಹೊರಬಿದ್ದೆ.

ಬೀದಿಯ ತಿರುವಿನಲ್ಲಿ ಸೊಸೆ ಸುಜಾತ ಹಿಂದೆಯೇ ಬಂದು ನಿಲ್ಲಿಸಿದರು.

“ಮೇಡಂ, ನನ್ನ ಧರ್ಮ ಯಾವುದು ಅಂತ ನನ್ನ ಕೇಳ್ಲೇ ಇಲ್ಲ ನೀವು.”

ಅವರ ತವರು ಹರಿಹರ, ಕ್ರೈಸ್ತ ಮನೆತನ. ಮದುವೆಯಾಗಿ ಇಪ್ಪತ್ತು ವರ್ಷ. ಆಗ ಓಣಿಯ ಹಿರಿಯರೆಲ್ಲ ಅಡ್ಡ ನಿಂತರೂ ಮಾವನೇ ಮುಂದಾಗಿ ಮದುವೆ ಮಾಡಿಸಿದ್ದರಂತೆ. ಅತ್ತೆಯ ಪೂಜೆಗೆ ಹೂವು, ಪತ್ರೆ ಅಣಿ ಮಾಡುವುದು ಇವರೇ. ತವರಿಗೆ ಹೋದಾಗ ಚರ್ಚಿಗೆ ಹೋಗುವುದೂ ಮಾವನಿಗೆ ಗೊತ್ತು. ಹರಿಹರದ ಚರ್ಚಿಗೆ ಎಲ್ಲ ಜಾತಿಯವರೂ ಹೋಗುತ್ತಾರೆ, ಸೊಸೆಯೂ ಹಾಗೇ ಅಂದುಕೊಂಡಿದ್ದರು. ತನ್ನ ನಂಬಿಕೆ ಬದಲಾಗಿಲ್ಲ ಎಂದು ಬಾಯಿಬಿಟ್ಟರೆ ತನಗಾಗಿ ಊರನ್ನೇ ಎದುರು ಹಾಕಿಕೊಂಡ ಮನುಷ್ಯನಿಗೆ ನೋವಾದೀತು ಎಂಬುದು ಸುಜಾತ ಅವರ ಭಯ. ಸುಮ್ಮನಿದ್ದರೆ ಕಾಗದದ ಮೇಲೂ ತಾನು ತಾನಲ್ಲ.

ನನಗೆ ನಾಚಿಕೆಯಾಯಿತು. ಮುಗಿದ ಮನೆಗೆ ಮತ್ತೆ ಹೋಗಬೇಕಲ್ಲ ಎಂಬ ಕಿರಿಕಿರಿಯೂ ಆಯಿತು, ಸುಳ್ಳು ಹೇಳುವುದಿಲ್ಲ. ಮನೆಯವರಿಗೆ ತಿಳಿಯದಂತೆ ಇಲ್ಲೇ ತಿದ್ದಿಬಿಡಲೇ ಎಂದೆ. ಹಿರಿಯರ ಸಹಿಯಾದ ಮೇಲೆ ಹಾಗೆ ಮಾಡುವಂತಿಲ್ಲ ಎಂದು ಗೊತ್ತಿದ್ದೂ ಕೇಳಿದ್ದೆ.

“ಕದ್ದು ಬರಿಯೋದಾದ್ರೆ ಬ್ಯಾಡ್ರಿ. ಅವರ ಮುಂದೇನೇ ಬರೀರಿ.”

ಇಬ್ಬರೂ ಹಿಂತಿರುಗಿದೆವು. ತಪ್ಪು ನನ್ನದು, ಎಲ್ಲರನ್ನೂ ಕೇಳಬೇಕಿತ್ತು ಎಂದು ಒಪ್ಪಿಕೊಂಡೆ. ಸುಜಾತ ತಮ್ಮ ಉತ್ತರ ಹೇಳಿದರು. ಮಹಾಲಿಂಗಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತರು.

“ಈ ಮನ್ಯಾಗೆ ನಿಂಗೆ ಭೇದ ಮಾಡೀವೇನಮ್ಮ?”

“ಇಲ್ಲ ಮಾವಾರೆ. ಭೇದ ಮಾಡಿಲ್ಲ. ಕೇಳೂ ಇಲ್ಲ.”

ಅವರ ಮುಖ ಸಣ್ಣದಾಯಿತು. ಸೊಸೆಗೆ ಭೇದ ಮಾಡಿಲ್ಲವೆಂದು ಇಪ್ಪತ್ತು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದದ್ದು ಅರ್ಧ ನಿಜವಷ್ಟೇ ಆಗಿತ್ತೆಂದು ಆ ವಯಸ್ಸಿನಲ್ಲಿ ಕೇಳಿಸಿಕೊಳ್ಳುವುದು ಸುಲಭವಲ್ಲ. ನನಗೆ ಇಬ್ಬರ ಮೇಲೂ ಕನಿಕರ ಬಂತು.

“ಹಂಗಾರೆ ಹಳೇ ಹಾಳಿ ಹರೀರಿ,” ಅಂದರು ಕೊನೆಗೆ. “ಆಕಿ ಹೇಳಿದ್ದೇ ಬರೀರಿ. ಉಳಿದೋರ್ನೂ ನೀವು ಕೇಳಿಲ್ಲ. ಎಲ್ಲಾರ್ನೂ ಕರೀತೀನಿ, ಕೇಳ್ರಿ.”

ಪಕ್ಕದ ಬೀದಿಯ ಅಂಗಡಿಯಿಂದ ಮಗ ಬಂದರು, ಕೋಣೆಯಿಂದ ಮೊಮ್ಮಗಳು ಬಂದಳು. ಹಿರಿಯರು ಹೇಳಿದ್ದನ್ನೇ ಇಬ್ಬರೂ ಹೇಳಿದರು. ಕೊನೆಗೆ ಹೆಂಡತಿ ಗಂಗಮ್ಮನವರ ಸರದಿ. ಅವರು ಅಭ್ಯಾಸಬಲದಿಂದ ಗಂಡನ ಮುಖ ನೋಡಿದರು. ಮಹಾಲಿಂಗಪ್ಪನವರು ಬೇಕೆಂದೇ ಕಿಟಕಿಯ ಕಡೆ ತಿರುಗಿಕೊಂಡರು. ಗಂಗಮ್ಮ ನನ್ನ ಕಡೆ ತಿರುಗಿ, ಲಿಂಗಾಯತ ಅಂದರು.

“ಉತ್ತರ ಅದೇ ಐತ್ರಿ. ಆದ್ರೆ ಇಷ್ಟು ವರ್ಷದಾಗೆ ನನ್ನ ಕೇಳಿದ್ದು ಇದೇ ಮೊದ್ಲು.”

ಅನ್ಯಧರ್ಮ ಸಹಿಷ್ಣುತೆ ದೊಡ್ಡ ಗುಣವೆಂದು ಮಕ್ಕಳಿಗೆ ವರ್ಷಗಟ್ಟಲೆ ಹೇಳಿದವಳು ನಾನು. ಸಹಿಸಿಕೊಂಡ ಮನೆಯಲ್ಲೂ ಒಬ್ಬೊಬ್ಬರನ್ನು ಕೇಳುವುದು ಬಾಕಿ ಉಳಿದಿರುತ್ತದೆ ಎಂದು ನನಗೆ ಕಲಿಸಿದ್ದು ಆ ಸಮೀಕ್ಷೆ. ಮರುದಿನ ಬೆಳಿಗ್ಗೆ, ಮುಗಿದವೆಂದು ಗೆರೆ ಎಳೆದಿದ್ದ ಮೂವತ್ತೇಳು ಮನೆಗಳಿಗೂ ಮತ್ತೆ ಹೊರಟೆ. ಮೊದಲನೇ ಬಾಗಿಲಲ್ಲಿ ನಿಂತು, ದಯವಿಟ್ಟು ಎಲ್ಲರನ್ನೂ ಕರೆಯಿರಿ ಎಂದೆ.