ಕಂದೀಲಿಗೆ ಕಟ್ಟಿದ ಸೋಸುಬಟ್ಟೆ

ನಮ್ಮ ಮನೆತನದಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ನಮ್ಮ ಚಿಕ್ಕಪ್ಪ, ಅಂದರೆ ಕಾಕಾ, ತಮ್ಮ ಬಸುರಿ ಮಗಳನ್ನು ಚೊಚ್ಚಲ ಹೆರಿಗೆಗೆಂದು ಮೂಡಲಗಿಯಿಂದ ಹುಕ್ಕೇರಿಗೆ ಕೊಲ್ಲಾರಿ ಚಕ್ಕಡಿಯಲ್ಲಿ ಕರೆತಂದಾಗ ದಾರಿಯಲ್ಲಿ ದೀಪ ಆರದಂತೆ ಕಾಯ್ದರಂತೆ. ಆ ಪುಣ್ಯದಿಂದಲೇ ಎಲ್ಲ ಸುಸೂತ್ರವಾಯಿತಂತೆ. ಮದುವೆಮನೆಗಳಲ್ಲಿ ಇದನ್ನು ಕೇಳಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಆ ಮಗಳು ನನಗೆ ತಂಗಿಯಾಗಬೇಕು; ಆ ಚಕ್ಕಡಿಯಲ್ಲಿ ನಾನೂ ಇದ್ದೆ. ಕಾಕಾ ದೀಪ ಕಾಯ್ದದ್ದು ಸುಳ್ಳಲ್ಲ. ಹೇಗೆ ಕಾಯ್ದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಾನು ಹೇಳುವುದನ್ನೂ ಪೂರ್ತಿ ನಂಬಬೇಕಾಗಿಲ್ಲ. ಪುಣೆಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಬಂದ ಮೇಲೆ ಊರವರ ಮಾತನ್ನು ಅನುಮಾನಿಸುವ ಚಟ ಹತ್ತಿತು; ಕೆಲವು ವರ್ಷಗಳಲ್ಲಿ ಅದು ನನ್ನ ನೆನಪಿನ ಮೇಲೆಯೇ ತಿರುಗಿಬಿತ್ತು. ಚಕ್ಕಡಿಯ ಎಡಗಡೆಯ ಎತ್ತು ಬಿಳಿಯದೋ ಕಪ್ಪೋ ಎಂದು ಕೇಳಿದರೆ ನಾನು ಆಣೆ ಮಾಡಲಾರೆ. ಆದರೆ ಆ ಸುಟ್ಟ ವಾಸನೆ ಮೂಗಿನಲ್ಲಿ ಇನ್ನೂ ಇದೆ. ಮೂಗಿಗೆ ಕಥೆ ಕಟ್ಟಲು ಬರುವುದಿಲ್ಲವೆಂದು ಸದ್ಯಕ್ಕೆ ನಂಬಿದ್ದೇನೆ.

ಹೊರಡುವ ಮೊದಲೇ ತಂಗಿಯ ಅವ್ವ, ಕಾಕು, ಕಟ್ಟಪ್ಪಣೆ ಮಾಡಿದ್ದಳು. ಬಸುರಿಯನ್ನು ಕತ್ತಲಲ್ಲಿ ಕರೆತರಕೂಡದು, ಚಕ್ಕಡಿಯೊಳಗೆ ದೀಪ ಇರಲೇಬೇಕು. ಯಾಕೆ ಎಂದು ನಾನು ಕೇಳಿದೆ. "ಯಾಕಂದ್ರ? ಇರಬೇಕು ಅಂದ್ರ ಇರಬೇಕು" ಎಂದಳು. ಆ ಉತ್ತರಕ್ಕೆ ನನ್ನ ತರ್ಕಶಾಸ್ತ್ರದಲ್ಲಿ ಹೆಸರಿತ್ತು, ಮದ್ದಿರಲಿಲ್ಲ.

ಕೊಲ್ಲಾರಿ ಚಕ್ಕಡಿ ಎಂದರೆ ಏನೆಂದು ಈಗಿನವರಿಗೆ ಹೇಳಬೇಕು. ಮೇಲೆ ಬಿದಿರಿನ ಕಮಾನು, ಅದಕ್ಕೆ ಗೋಣಿತಟ್ಟಿನ ಹೊದಿಕೆ, ಕೆಳಗೆ ಮೊಣಕಾಲೆತ್ತರ ಒಣಹುಲ್ಲು, ಹುಲ್ಲಿನ ಮೇಲೆ ಕೌದಿ. ಬೆಂಕಿ ಹಚ್ಚಲೆಂದೇ ಯಾರೋ ಕೂತು ಯೋಚಿಸಿ ಮಾಡಿದಂತಹ ಮನೆ. ಅದರ ನಡುವೆ, ಕಮಾನಿನಿಂದ, ಸೀಮೆಎಣ್ಣೆಯ ಕಂದೀಲು ತೂಗುಬಿಡಬೇಕು. ಅದರಡಿ ಏಳು ತಿಂಗಳ ಬಸುರಿ ಮಲಗಬೇಕು.

ಮೂಡಲಗಿಯಿಂದ ನಸುಕಿನಲ್ಲೇ ಹೊರಟೆವು. ಗೋಕಾಕದಲ್ಲಿ ಬಿಸಿಲಿಳಿಯುವವರೆಗೆ ತಂಗಿ, ಕೊಣ್ಣೂರು ದಾಟಿ, ಹೊತ್ತು ಮುಳುಗುವ ಮುಂಚೆ ದಾರಿಬದಿಯಲ್ಲಿ ರೊಟ್ಟಿಬುತ್ತಿ ಬಿಚ್ಚಿದೆವು. ಸೂರ್ಯ ಮುಳುಗಿದ ಮೇಲೆ ನಮ್ಮ ಜೈನರ ಮನೆಯಲ್ಲಿ ಉಣ್ಣುವಂತಿಲ್ಲ. ಕೈ ತೊಳೆಯುವುದರೊಳಗೆ ಕತ್ತಲಾಯಿತು. ಗೋಕಾಕ ಫಾಲ್ಸಿನ ಕಡೆ, ಗುಡ್ಡದ ಮೇಲಿನ ನೂಲಿನ ಗಿರಣಿಯಲ್ಲಿ ನೀರಿನಿಂದ ಹುಟ್ಟಿದ ವಿದ್ಯುದ್ದೀಪಗಳು ಸಾಲಾಗಿ ಹೊತ್ತಿಕೊಂಡವು. ಕಾಕಾ ಅವುಗಳ ಕಡೆ ಬೆನ್ನು ಹಾಕಿ ಕಂದೀಲು ಹಚ್ಚಿದರು.

ಹಿಂದಿನ ದಿನವಷ್ಟೇ ಮೊದಲ ಮಳೆ ಬಿದ್ದಿತ್ತು. ರೆಕ್ಕೆ ಬಂದ ಮಳೆಹುಳಗಳು ಕಂದೀಲಿಗೆ ಮುತ್ತಿಕೊಂಡು, ಬಿಸಿಗಾಜಿಗೆ ಬಡಿದು, ಮೇಲಿನ ತೂತುಗಳಲ್ಲಿ ಇಳಿದು ಚಟಚಟ ಸುಡತೊಡಗಿದವು. ಕಾಕಾಗೆ ಸಂಕಟವಾಯಿತು. ಅವರು ಕೊಡದ ಬಾಯಿಗೆ ಕಟ್ಟಿದ್ದ ನೀರು ಸೋಸುವ ಬಟ್ಟೆಯನ್ನು ಬಿಚ್ಚಿ, ಹಿಂಡಿ, ಎರಡು ಮಡಿಕೆ ಮಾಡಿ ಕಂದೀಲಿನ ನೆತ್ತಿಯಿಂದ ಬುಡದವರೆಗೆ ಸುತ್ತಿದರು.

"ಕಾಕಾ, ಉಸಿರಾಡಾಕಂತ ಮ್ಯಾಲೆ ತೂತು ಬಿಟ್ಟಾರ್ರಿ. ಅದನ್ನ ಮುಚ್ಚಿದ್ರ ಕಾವು ಎಲ್ಲಿಗೆ ಹೋಗಬೇಕು?" ಎಂದೆ.

"ನೀರು ಸೋಸಿ ಕುಡಿಯೋ ಮಂದಿ ನಾವು. ದೀಪಕ್ಕ ಒಂದು ಅರಿವಿ ಸುತ್ತಿದ್ರ ಏನ್ ಕಳಕೋತೀವಿ? ಹಸಿ ಐತಿ, ಸುಡೂದಿಲ್ಲ. ನಿಮ್ಮ ಪುಣೇದಾಗ ಜೀವದಯಾ ಕಲಿಸೂದಿಲ್ಲೇನು?"

ಹುಳಕ್ಕೆ ದಯೆ ಸಿಕ್ಕಿತು. ಹುಲ್ಲಿನ ಮೇಲಿದ್ದ ಮಗಳ ಸರದಿ ಇನ್ನೂ ಬಂದಿರಲಿಲ್ಲ.

ಚಕ್ಕಡಿ ಹೊರಟಿತು. ಒಳಗೆ ಮಜ್ಜಿಗೆಯಂತಹ ಬೆಳಕು. ಅದರಲ್ಲಿ ತಂಗಿಯ ಮುಖವೂ ಕಾಣುತ್ತಿರಲಿಲ್ಲ. ಬಟ್ಟೆ ಹಸಿಯಾಗಿತ್ತು ನಿಜ. ಆದರೆ ಹಸಿ ಬಟ್ಟೆ ಒಣಗುತ್ತದೆ ಎಂಬುದು ಹುಕ್ಕೇರಿಯಲ್ಲಿ ದಿನಾ ಸೀರೆ ಒಣಹಾಕುವ ಮನೆಯವರಿಗೆ ಹೊಳೆಯಲಿಲ್ಲ. ತುಸು ಹೊತ್ತಿಗೆ ಗಾಜು ಮಸಿ ಹಿಡಿಯಿತು, ನೆತ್ತಿಯ ಬಟ್ಟೆ ಕೆಂಪಗೆ ತಿರುಗಿತು.

"ಅಪ್ಪಾ, ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ" ಎಂದಳು ತಂಗಿ.

ಮುಂದೆ ಕೂತು ಎತ್ತು ಹೊಡೆಯುತ್ತಿದ್ದ ಕಾಕಾ ತಿರುಗಿ ನೋಡಲೂ ಇಲ್ಲ. "ಗಿರಣಿ ಹೊಗಿ ಅದು. ನೀ ಮಲಕೋ."

"ನೀರಿನ ಗಿರಣಿಗೆ ಹೊಗಿ ಎಲ್ಲಿಂದ ಬರಬೇಕ್ರಿ?" ಎಂದು ನಾನೆಂದೆ. ಅಂದೆನೋ, ಅನ್ನಬೇಕೆಂದುಕೊಂಡೆನೋ. ಯಾವುದಾದರೂ ಒಂದೇ, ನನ್ನ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ.

ಅಷ್ಟರಲ್ಲಿ ಬಟ್ಟೆಯ ಒಂದು ಚೂರು ಕೆಂಡವಾಗಿ ಕಳಚಿ ಕೌದಿಯ ಮೇಲೆ ಬಿತ್ತು. ನೆನಪಿನಲ್ಲಿ ಅದು ಅಂಗೈಯಗಲ ಇದೆ. ಬಹುಶಃ ಉಗುರಿನಷ್ಟು ಇದ್ದಿರಬೇಕು. ಹುಲ್ಲಿಗೆ ಉಗುರಿನಷ್ಟೂ ಹೆಚ್ಚೇ. ತಂಗಿ ಕೆಂಡವನ್ನು ಕೈಯಿಂದ ಬಡಿದು ಆರಿಸಿದಳು, ಎದ್ದು ಕೂತಳು, ಸೆರಗಿನಿಂದ ಕಂದೀಲಿನ ಹಿಡಿಕೆ ಹಿಡಿದು ಬಿಚ್ಚಿ, ಹಿಂಬಾಗಿಲಿನ ಹೊರಗೆ ಕೈಚಾಚಿ ಹಿಡಿದಳು. ಬಟ್ಟೆ ಅಲ್ಲಿ ಭಗ್ಗನೆ ಹೊತ್ತಿ ದಾರಿಯ ಮೇಲೆ ಉದುರಿತು.

ಚಕ್ಕಡಿ ನಿಂತಿತು. ಕಾಕಾ ಓಡಿಬಂದರು. ಅವರು ಮೊದಲು ಕೇಳಿದ್ದು "ಹುಳ ಭಾಳ ಸತ್ತುವೇನು?" ಎಂದು ನನ್ನ ನೆನಪು. ಹಾಗೆ ಕೇಳಿರಲಿಕ್ಕಿಲ್ಲ. ಆದರೆ ಕೇಳುವಂತಹ ಮನುಷ್ಯರೇ.

ತಂಗಿ ಕಂದೀಲನ್ನು ಅವರ ಕೈಗಿಟ್ಟು, ಚಕ್ಕಡಿ ಇಳಿದು, ಹೊಟ್ಟೆ ಹಿಡಿದುಕೊಂಡು ದಾರಿಯಲ್ಲಿ ನಿಂತಳು. "ದೀಪ ಒಳಗಿದ್ರ ನಾ ಹೊರಗ ನಡಕೋತ ಬರ್ತೀನಿ. ನಾ ಒಳಗ ಬರಬೇಕಂದ್ರ ದೀಪ ಹೊರಗ ಇರಲಿ."

"ಹಂಗ ಅನಬಾರದವ್ವ. ಕತ್ತಲಿ ಚಕ್ಕಡ್ಯಾಗ ನಿನ್ನ ಕರ್ಕೊಂಡು ಹೋದ್ರ ನಿಮ್ಮವ್ವ ನನ್ನ ಮನ್ಯಾಗ ಸೇರಿಸೂದಿಲ್ಲ."

"ಕತ್ತಲಿ ಯಾಕ? ನೀವು ಹಿಡ್ಕೊಂಡು ಹಿಂದ ನಡೀರಿ. ಒಳಗ ಬೆಳಕ ಬೀಳತೈತಿ. ಹುಲ್ಲಿಗೆ ಬೆಂಕಿ ಬೀಳೂದಿಲ್ಲ."

ಕಾಕಾ ನನ್ನ ಮುಖ ನೋಡಿದರು. ನಾನು ಬೇಗನೆ ಮುಂದೆ ಹೋಗಿ ಎತ್ತಿನ ಹಗ್ಗ ಹಿಡಿದೆ.

ಹೀಗೆ ಕಾಕಾ ದೀಪ ಕಾಯ್ದರು. ಬಾರುಕೋಲಿನ ತುದಿಗೆ ಕಂದೀಲು ಸಿಕ್ಕಿಸಿ, ಎರಡು ಮಾರು ಹಿಂದೆ, ಧೂಳು ಕುಡಿಯುತ್ತ ನಡೆದರು. ಮಳೆಹುಳಗಳು ಅವರ ತಲೆಯ ಪಟಗದೊಳಗೆ, ಕೊರಳಪಟ್ಟಿಯೊಳಗೆ, ಬಾಯೊಳಗೆ ಹೊಕ್ಕವು. ಒಂದೊಂದು ಹುಳ ಚಟ್ ಎಂದಾಗಲೂ ಅದರ ಕ್ಷಮೆ ಕೇಳಿದರು, ನಡುವೆ ಉಗುಳಿದರು. ಇಷ್ಟೂ ವರ್ಷಗಳಲ್ಲಿ ನಮ್ಮ ಮನೆತನದ ಧರ್ಮ ಅಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ಅದೊಂದೇ ಸಲ ಕಂಡೆ. ತೆರೆದ ಹಿಂಬಾಗಿಲಿನಿಂದ ಬೆಳಕು ನೇರವಾಗಿ ಒಳಬಂದು ಕೌದಿಯ ಹೊಲಿಗೆ ಎಣಿಸುವಷ್ಟು ಸ್ಪಷ್ಟವಾಗಿ ಬಿದ್ದಿತ್ತು. ತಂಗಿ ಆ ಬೆಳಕಿನಲ್ಲಿ ಕಾಲು ಚಾಚಿ, ಕಣ್ಣು ಮುಚ್ಚಿ ಮಲಗಿದ್ದಳು.

ಘಟಪ್ರಭೆಯ ತಂಗುದಾಣ ಇನ್ನೂ ದೂರವಿದ್ದಾಗ ಹಿಂದಿನಿಂದ ಏದುಸಿರಿನ ದನಿ ಬಂತು. "ನಿದ್ದಿ ಹತ್ತೇತೇನವ್ವ?"

ಕಂದೀಲು ಒಂದು ಮಾರು ಹತ್ತಿರ ಬಂತು.

"ಹತ್ತಿದ್ರ ದೀಪ ಆರಿಸಿ ನಾನೂ ಮ್ಯಾಲೆ ಏರಲೇನು?"

"ನಡೀರಿ, ಅಪ್ಪಾ" ಎಂದಳು ತಂಗಿ, ಕಣ್ಣು ತೆರೆಯದೆ.