ಡೀಸೆಲ್ ಶೆಡ್ಡಿಗೆ ಹೋದವರು

ಕಳೆದ ತಿಂಗಳು ಚೆಟ್ಟಳ್ಳಿಯಲ್ಲಿ ನಮ್ಮ ಪಕ್ಕದ ಎಸ್ಟೇಟಿನವರು ಕಾಫಿಗೆ ಔಷಧಿ ಹೊಡೆಯಲು ಡ್ರೋನ್ ತರಿಸಿದರು. ಅಂಗಳದಲ್ಲಿ ಪೇಪರ್ ಓದುತ್ತಿದ್ದ ನಾನು, ತಲೆಯ ಮೇಲೆ ಆ ಗುಂಯ್ ಶಬ್ದ ಬಂದದ್ದೇ ತಡ, ಒಳಗೆ ಓಡಿ ಅಡುಗೆಮನೆಯ ಗೋಡೆಗೆ ಒರಗಿ ನಿಂತುಬಿಟ್ಟೆ. "ಎಂತಾಯ್ತು ನಿಮಗೆ?" ಎಂದಳು ಹೆಂಡತಿ. ಜಿಗಣೆ ಹತ್ತಿತು ಅಂದೆ. ಬಿರುಬಿಸಿಲಿನಲ್ಲಿ ಜಿಗಣೆ! ಅವಳು ನಂಬಲಿಲ್ಲ; ನೀವೂ ನಂಬಬೇಡಿ.

ನಾನು ಮಡಿಕೇರಿಯ ಅರ್ಚಕರ ಮನೆಯವನು. ಪೂಜೆ ಕಲಿಯದೆ ಇಂಜಿನಿಯರಿಂಗ್ ಓದಿ, ದೂರದ ಒಂದು ಅಣು ವಿದ್ಯುತ್ ಸ್ಥಾವರದಲ್ಲಿ ನಿವೃತ್ತಿಯವರೆಗೆ ದುಡಿದೆ. ರಜೆಗೆ ಬಂದಾಗಲೆಲ್ಲ ನೆಂಟರದು ಒಂದೇ ಪ್ರಶ್ನೆ, ಅದರ ಮೇಲೆ ವಿಮಾನ ಬಿದ್ದರೆ ಏನು ಗತಿ ಅಂತ. ನಾನು ಕೈಗಳನ್ನು ಅಗಲಿಸಿ, ರಿಯಾಕ್ಟರಿನ ಕಾಂಕ್ರೀಟ್ ಗುಮ್ಮಟದ ಗೋಡೆಯ ದಪ್ಪ ತೋರಿಸುತ್ತಿದ್ದೆ. ಸುಳ್ಳಲ್ಲ, ಗುಮ್ಮಟ ಗಟ್ಟಿಯೇ. ಉಳಿದದ್ದನ್ನು ಹೇಳುತ್ತಿರಲಿಲ್ಲ, ಅಷ್ಟೆ. ರಿಯಾಕ್ಟರ್ ನಿಲ್ಲಿಸಿದರೂ ಒಳಗಿನ ಕಾವು ಕೂಡಲೇ ಆರುವುದಿಲ್ಲ; ದಿನಗಟ್ಟಲೆ ನೀರು ಹರಿಯುತ್ತಿರಬೇಕು. ನೀರಿಗೆ ಪಂಪು ಬೇಕು, ಪಂಪಿಗೆ ಕರೆಂಟು. ಹೊರಗಿನ ಕರೆಂಟು ಹೋದರೆ ಡೀಸೆಲ್ ಜನರೇಟರೇ ಗತಿ. ಅದು ಗುಮ್ಮಟದೊಳಗಿರಲಿಲ್ಲ, ನಾವು ಡೀಸೆಲ್ ಶೆಡ್ಡು ಎನ್ನುತ್ತಿದ್ದ ಬೇರೆ ಕಟ್ಟಡದಲ್ಲಿತ್ತು.

ಗಡಿಯಲ್ಲಿ ಗುಂಡಿನ ಸದ್ದು ಕೇಳುತ್ತಿದ್ದ ದಿನಗಳವು. ಒಂದು ಬೆಳಿಗ್ಗೆ ನಿಯಂತ್ರಣ ಕೊಠಡಿಯ ಫೋನ್ ಹೊಡೆದುಕೊಂಡಿತು. ಶಿಫ್ಟಿನ ಮುಖ್ಯಸ್ಥರು ಮಾದಪ್ಪ ಸರ್, ಕಕ್ಕಬೆಯವರು. ಅಲ್ಲಿ ಕೊಡಗಿನವರು ನಾವಿಬ್ಬರೇ. ಅವರು ಎರಡು ಸಲ "ಸರಿ" ಎಂದು ಫೋನಿಟ್ಟರು. ಯಾವುದೋ ವಿಮಾನ ನಮ್ಮ ಕಡೆಗೆ ಬರುತ್ತಿತ್ತು. ರೇಡಿಯೋದಲ್ಲಿ ಎಷ್ಟು ಕರೆದರೂ ಉತ್ತರವಿರಲಿಲ್ಲ.

ಸರ್ ರಿಯಾಕ್ಟರ್ ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಶೆಡ್ಡಿನ ಒಂದು ಜನರೇಟರನ್ನು ರಿಪೇರಿ ಮುಗಿಸಿ, ಸ್ವಿಚ್ ಹಾಕದೆ ಹಾಗೆಯೇ ಬಿಟ್ಟಿದ್ದರು. ಕರೆಂಟು ಹೋದರೆ ಅದು ತಾನಾಗಿ ಚಾಲೂ ಆಗುತ್ತಿರಲಿಲ್ಲ. ಯಾರಾದರೂ ಹೋಗಿ ಸ್ವಿಚ್ ತಿರುಗಿಸಬೇಕಿತ್ತು. "ಭಟ್ರೇ, ಓಡಿ" ಅಂದರು.

ನಾನು ಎದ್ದೆ. ಬಾಗಿಲಿನವರೆಗೆ ಹೋದೆ. ಅಲ್ಲಿ ಕಾಲು ನಿಂತಿತು. ತಿರುಗಿ ಬಂದು, "ಸರ್, ಹೆಲ್ಮೆಟ್ ಕಾಣ್ತಿಲ್ಲ" ಎಂದು ಕಪಾಟು ತಡಕಾಡತೊಡಗಿದೆ. ಬೀಳುವ ವಿಮಾನಕ್ಕೆ ಪ್ಲಾಸ್ಟಿಕ್ ಹೆಲ್ಮೆಟ್ ಅಡ್ಡ ಹಿಡಿಯುವ ಇಂಜಿನಿಯರು! ಅದು ನನ್ನ ಕಂಕುಳಲ್ಲೇ ಇತ್ತು. ಮಾದಪ್ಪ ಸರ್ ಒಂದು ಕ್ಷಣ ನನ್ನನ್ನು ನೋಡಿ, "ನೀವು ಇಲ್ಲಿ ಕೂತ್ಕೊಳ್ಳಿ, ಪಂಪ್ ನೋಡ್ತಾ ಇರಿ" ಎಂದು ತಾವೇ ಓಡಿದರು.

ಆ ಕೊಠಡಿಗೆ ಕಿಟಕಿಯಿಲ್ಲ. ನಾನು ಪಂಪಿನ ಮೀಟರುಗಳ ಮುಳ್ಳುಗಳನ್ನು ನೋಡುತ್ತ ಕುಳಿತೆ. ಜನರೇಟರ್ ಸಿದ್ಧ ಎಂಬ ಹಸಿರು ದೀಪ ಹತ್ತಿತು, ಸರ್ ಬರಲಿಲ್ಲ. ಕೊನೆಗೆ ಫೋನ್ ಬಂತು. ರೇಡಿಯೋ ಕೆಟ್ಟು ದಾರಿ ತಪ್ಪಿದ ತರಬೇತಿ ವಿಮಾನವಂತೆ, ತಿರುಗಿ ಹೋಯಿತಂತೆ. ಸರ್ ಬಂದು ಮುಖ ಒರೆಸಿಕೊಂಡು ಕಾಫಿ ಕೇಳಿದರು. ಹೆಲ್ಮೆಟಿನ ಸುದ್ದಿ ಎಂದೂ ಎತ್ತಲಿಲ್ಲ.

ಕಳೆದ ತಿಂಗಳು ಆ ಡ್ರೋನ್ ಬಂದ ಮರುದಿನ ನಾನು ಕಕ್ಕಬೆಗೆ, ಸರ್ ಮನೆಗೆ ಹೋದೆ. ಸರ್ ಜಗಲಿಯಲ್ಲಿ ಏಲಕ್ಕಿ ಆರಿಸುತ್ತಿದ್ದರು. ಕುಳಿತವನೇ ಹೆಲ್ಮೆಟಿನ ಸುಳ್ಳನ್ನೆಲ್ಲ ಹೇಳಿಬಿಟ್ಟೆ.

"ಗೊತ್ತಿತ್ತು ಮಾರಾಯ್ರೆ," ಅಂದರು. "ನಿಮ್ಮ ಕಂಕುಳಲ್ಲಿ ನೋಡಿದ್ದೆ."

"ಮತ್ತೆ ಯಾಕೆ ಬೈಲಿಲ್ಲ ಸರ್?"

"ಬೈಲಿಕ್ಕೆ ಟೈಮೆಲ್ಲಿತ್ತು? ನನಗೂ ಹೆದರಿಕೆಯೇ. ಸ್ವಿಚ್ ತಿರುಗಿಸಿ ಅಲ್ಲೇ ನಿಂತೆ, ಕಾಲು ಬರ್ಲಿಲ್ಲ. ಇವಳಿಗೊಂದು ಫೋನ್ ಮಾಡುವ ಅಂದ್ರೆ, ಮೊಬೈಲನ್ನು ಗೇಟಲ್ಲೇ ಸೆಕ್ಯೂರಿಟಿಯವರಿಗೆ ಕೊಟ್ಟಿದ್ದೆ."

ಬಾಗಿಲಲ್ಲಿ ಲೋಟಗಳ ಸದ್ದಾಯಿತು. ಅವರ ಹೆಂಡತಿ ಮುತ್ತಮ್ಮಕ್ಕ ಕಾಫಿ ಹಿಡಿದು ನಿಂತಿದ್ದರು.

"ಯಾವಾಗ ಇದು? ನನ್ನತ್ರ ಹೇಳಲೇ ಇಲ್ಲ ನೀವು."

ಮಾದಪ್ಪ ಸರ್ ಮತ್ತೆ ಏಲಕ್ಕಿಗೆ ಕೈ ಹಾಕಿದರು. ನನ್ನ ಭಾರ ಇಳಿಸಿಕೊಳ್ಳಲು ಹೋದವನು ಅದನ್ನು ಆಕೆಯ ಮೇಲಿಟ್ಟಿದ್ದೆ. ಮುತ್ತಮ್ಮಕ್ಕ ಲೋಟ ಕೆಳಗಿಟ್ಟು ನನ್ನನ್ನೇ ಕೇಳಿದರು: "ಆ ಶೆಡ್ಡಿನ ಮಾಡು ಗಟ್ಟಿ ಇತ್ತಾ?"

ಕೈಗಳು ಮತ್ತೆ ದಪ್ಪ ತೋರಿಸಲು ಏಳುತ್ತಿದ್ದವು. ತಡೆದು ಮಡಿಲಲ್ಲಿಟ್ಟುಕೊಂಡೆ.

"ಇಲ್ಲ ಅಕ್ಕ," ಅಂದೆ. "ಮೇಲೆ ಬರೀ ತಗಡಿನ ಶೀಟು."

ಮುತ್ತಮ್ಮಕ್ಕ ಗಂಡನ ಪಕ್ಕ ಕುಳಿತು, ಏಲಕ್ಕಿಯ ನಡುವೆ ಇದ್ದ ಅವರ ಕೈಯನ್ನು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.