ಹಳ್ಳದಲ್ಲಿ ಸಿಕ್ಕಿಕೊಂಡ ಕಚೇರಿ

ಆಸಾ ಪಿಂಕಮ್ ನೆಬ್ರಾಸ್ಕಾದ ಬಯಲಿಗೆ ಬಂದಿಳಿದಾಗ ಅವನ ಜೊತೆಗಿದ್ದದ್ದು ಎರಡು ಎತ್ತು, ಹೆಂಡತಿ ಲವೀನಾ ಮತ್ತು ಬಾಯಿಪಾಠ ಮಾಡಿಟ್ಟುಕೊಂಡ ನಾಲ್ಕು ಭಾಷಣ. ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಮನೆಗೆ ಸೂರು ಹೊದಿಸುವ ಮೊದಲೇ ಅವನು ಸುತ್ತಲಿನ ಆರು ಕುಟುಂಬಗಳ ಸಭೆ ಕರೆದು, ಊರಿಗೆ ‘ಕಾಟನ್‌ವುಡ್ ಸಿಟಿ’ ಎಂದು ಹೆಸರಿಟ್ಟ. ಸಿಟಿ ಇರಲಿಲ್ಲ. ಕಾಟನ್‌ವುಡ್ ಮರ ಒಂದಿತ್ತು. ಅದನ್ನು ತೊಲೆಗೆಂದು ಹಿಂದಿನ ವಾರವಷ್ಟೇ ಅವನೇ ಕಡಿದಿದ್ದ.

ಉಳಿದವರಿಗೆ ಉಳುವ ಕೆಲಸವಿದ್ದುದರಿಂದ ಅಂಚೆ, ನ್ಯಾಯ, ರಸ್ತೆ ಈ ಮೂರರ ಭಾರವನ್ನೂ ಆಸಾ ಒಬ್ಬನೇ ಹೊತ್ತುಕೊಂಡ. ಅವನೆದುರು ಬಂದ ಮೊದಲ ಮೊಕದ್ದಮೆಯಲ್ಲಿ ಆರೋಪಿಯೂ ಅವನೇ. ಅವನ ಎತ್ತು ಪಕ್ಕದ ಸ್ವೀಡನ್‌ನವ ನೀಲ್ಸ್‌ನ ಜೋಳಕ್ಕೆ ನುಗ್ಗಿತ್ತು.

“ಏನಾಯ್ತು ತೀರ್ಪು?” ಲವೀನಾ ಹಿಟ್ಟು ನಾದುತ್ತಲೇ ಕೇಳಿದಳು.

“ಸಾಕ್ಷಿ ಸಾಲ್ಲಿಲ್ಲ ಕಣೇ. ಕೇಸು ವಜಾ.”

“ಎತ್ತಿನ ಬಾಯಲ್ಲೇ ತೆನೆ ಇತ್ತಲ್ರೀ.”

“ಅದು ಎತ್ತಿನ ಹೇಳಿಕೆ. ಪ್ರಮಾಣ ಮಾಡಿಸಿರ್ಲಿಲ್ಲ.”

ಲವೀನಾ ಸಂಜೆ ಒಂದು ಮೂಟೆ ಜೋಳವನ್ನು ತಾನೇ ಹೊತ್ತು ನೀಲ್ಸ್‌ನ ಬಾಗಿಲಲ್ಲಿಟ್ಟು ಬಂದಳು. ನ್ಯಾಯಾಂಗಕ್ಕೆ ಅದನ್ನು ತಿಳಿಸಲಿಲ್ಲ.

ಕೌಂಟಿಯ, ಅಂದರೆ ಆ ಜಿಲ್ಲೆಯ, ಕಚೇರಿ ಇದ್ದದ್ದು ಏಳು ಮೈಲಿ ಆಚೆ, ಹಾರ್ಮನಿ ಎಂಬ ಊರಲ್ಲಿ. ಅದು ಕಾಟನ್‌ವುಡ್ ಸಿಟಿಗೇ ಬರಬೇಕೆಂದು ಆಸಾ ಚುನಾವಣೆ ಮಾಡಿಸಿದ. ಇಡೀ ಕೌಂಟಿಯಲ್ಲಿ ಮತವಿದ್ದ ಗಂಡಸರು ತೊಂಬತ್ತು ಮಂದಿ. ಆಸಾನ ಕಡೆಗೆ ನೂರ ನಲವತ್ತು ಮತ ಬಿದ್ದವು. ಹಾರ್ಮನಿಗೆ ನೂರ ಅರವತ್ತೊಂದು. ಇಷ್ಟೊಂದು ಅಪ್ರಾಮಾಣಿಕತೆಯನ್ನು ತನ್ನ ಜೀವಮಾನದಲ್ಲೇ ಕಂಡಿಲ್ಲವೆಂದು ಆಸಾ ನೊಂದುಕೊಂಡ.

ಜನವರಿಯಲ್ಲಿ, ಹಾರ್ಮನಿಯವರೆಲ್ಲ ಒಂದು ಮದುವೆಗೆ ಹೋಗಿದ್ದ ಹೊತ್ತು ನೋಡಿ, ಅವನು ನೆರೆಯವರದ್ದೂ ಸೇರಿಸಿ ಹದಿನಾರು ಎತ್ತು ಕಟ್ಟಿ, ಒಂದೇ ಕೋಣೆಯ ಆ ಮರದ ಕಚೇರಿಯನ್ನು ದಿಮ್ಮಿಗಳ ಮೇಲೇರಿಸಿ ಹಿಮದ ಮೇಲೆ ಎಳೆಸಿದ. ನಾಲ್ಕು ಮೈಲಿ ಸಲೀಸಾಗಿ ಬಂತು. ಆಮೇಲೆ ಹಳ್ಳದ ಮಂಜುಗಡ್ಡೆ ಬಿರಿದು, ಕಚೇರಿ ಒಂದು ಮೂಲೆ ಊರಿ ಕೂತುಬಿಟ್ಟಿತು.

ಹಾರ್ಮನಿಯವರು ಬಂದೂಕು ಹಿಡಿದು ಬಂದರು. ಚಳಿ ಎಷ್ಟಿತ್ತೆಂದರೆ ಬಂದೂಕಿನ ಟ್ರಿಗರ್ ಎಳೆಯಲು ಬೆರಳು ಬಗ್ಗುತ್ತಿರಲಿಲ್ಲ. ಓರೆಯಾದ ಕಚೇರಿಯೊಳಗೆ ಒಲೆ ಉರಿಯುತ್ತಿತ್ತು. ಗಂಡನ ಹಿಂದೆಯೇ ಬಂದಿದ್ದ ಲವೀನಾ ಹುರುಳಿಕಾಯಿ ಬೀಜವನ್ನು ಹಂದಿಮಾಂಸದ ಜೊತೆ ಬೇಯಿಸುತ್ತಿದ್ದಳು.

“ಬಂದೂಕು ಹೊರಗಿಟ್ಟು ಬನ್ರಪ್ಪಾ,” ಎಂದಳು. “ಬಟ್ಟಲು ಹಿಡ್ಕೊಳ್ಳೋಕೆ ಎರಡು ಕೈ ಬೇಕು.”

ಯುದ್ಧ ಅಲ್ಲಿಗೆ ಮುಗಿಯಿತು. ವಸಂತದಲ್ಲಿ ಸಂಚಾರಿ ನ್ಯಾಯಾಧೀಶ ಬಂದು, ಕಚೇರಿ ಕದ್ದ ಮೊಕದ್ದಮೆಯನ್ನು ಕದ್ದ ಕಚೇರಿಯಲ್ಲೇ ಕೈಗೆತ್ತಿಕೊಂಡ. ಕಚೇರಿ ಎಳೆದವರೂ ಅಲ್ಲದ, ಅಟ್ಟಿಸಿಕೊಂಡು ಬಂದವರೂ ಅಲ್ಲದ, ತೀರ್ಪಿಗೆ ಕೂರಬೇಕಾದ ಹನ್ನೆರಡು ಮಂದಿ ಪಂಚರು ಇಡೀ ಕೌಂಟಿಯಲ್ಲಿ ಸಿಗಲಿಲ್ಲ. ಕೇಸು ಬಿದ್ದುಹೋಯಿತು, ಕಚೇರಿಯನ್ನು ದಡಕ್ಕೆತ್ತಿ ಅಲ್ಲೇ ನಿಲ್ಲಿಸಿದರು. ಕೇಸಿಗೆಂದು ಬಂದವರಿಗೆ ಅಡುಗೆ ಮಾಡಿ ಹಾಕುತ್ತ ಲವೀನಾ ಅಲ್ಲೊಂದು ಊಟದ ಮನೆ ತೆರೆದಳು. ಅದರ ಪಕ್ಕ ಕಮ್ಮಾರ, ಕಮ್ಮಾರನ ಪಕ್ಕ ಅಂಗಡಿ ಬಂದವು. ಎರಡು ವರ್ಷದಲ್ಲಿ ಊರಾಯಿತು. ಈ ಜಾಗವನ್ನು ದೂರದೃಷ್ಟಿಯಿಂದ ತಾನೇ ಆರಿಸಿದ್ದೆಂದು ಆಸಾ ಉದ್ಘಾಟನೆಯಲ್ಲಿ ಒಂದೂವರೆ ಗಂಟೆ ವಿವರಿಸಿದ.

ಅಷ್ಟರಲ್ಲಿ ಶಾಲಾ ಸಮಿತಿಗೆ ಹೆಂಗಸರೂ ಮತ ಹಾಕಬಹುದೆಂದು ಕಾನೂನು ಬಂತು. ಆಸಾ ಅದರ ಪರವಾಗಿ ಊರೂರು ಸುತ್ತಿ ಮಾತಾಡಿದ, ಆಮೇಲೆ ಸಮಿತಿಗೆ ತಾನೇ ನಿಂತ. ಲವೀನಾಳ ಹೆಸರನ್ನು ನೀಲ್ಸ್‌ನ ಹೆಂಡತಿ ಸೂಚಿಸಿದಳು. ಲವೀನಾ ಒಂದು ಮಾತೂ ಆಡದೆ ಐವತ್ತೆರಡು ಮತ ಪಡೆದಳು, ಆಸಾನಿಗೆ ಒಂಬತ್ತು.

ಎರಡು ದಿನ ಅವನು ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಕೇಳಿದ, “ನೀನಾದ್ರೂ ನಂಗೆ ಹಾಕಿದ್ಯಾ?”

“ಹಾಕ್ದೆ,” ಎಂದಳು ಲವೀನಾ. “ನೀವು ಎಂಟು ಮತಕ್ಕೇ ನಿಲ್ಲೋದು ಚೆನ್ನಾಗಿರ್ತಿರ್ಲಿಲ್ಲ.”

ಅವನು ತಟ್ಟೆಯನ್ನು ಅವಳತ್ತ ಸರಿಸಿ, ಇನ್ನಷ್ಟು ಬಡಿಸು ಎಂದ.